ಗೀಸರ್ ಬದಲಾಯಿಸ್ಬೇಕಾ, ರಿಪೇರಿ ಸಾಕಾ: ಹೋಗಿರೋದು ಏನು ಅಂತ ಮೊದ್ಲು ನೋಡಿ

ಚಳಿ ಶುರುವಾಯ್ತು ಅಂದ್ರೆ ಪರಿಚಯದವರಲ್ಲಿ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, "ನಮ್ಮ ಗೀಸರ್ ತಗೊಂಡು 8 ವರ್ಷ ಆಯ್ತು, ಚೇಂಜ್ ಮಾಡ್ಬಿಡ್ಲಾ?" ಅಂತ. ನಾನು ಪ್ರತಿ ಸಲ ಹೇಳೋದು ಒಂದೇ, ವರ್ಷ ಎಷ್ಟಾಯ್ತು ಅನ್ನೋದು ಆಮೇಲೆ, ಈಗ ಅದಕ್ಕೆ ಏನಾಗಿದೆ ಅದನ್ನ ಹೇಳಿ. ಯಾಕಂದ್ರೆ ಮೈಸೂರಲ್ಲಿ ನಮ್ಮಮ್ಮನ ಮನೆ ಗೀಸರ್‌ಗೆ ಈಗ 16 ವರ್ಷ, ಇವತ್ತಿಗೂ ಬೆಳಗ್ಗೆ ಸ್ವಿಚ್ ಹಾಕಿದ್ರೆ ಕಾಫಿ ಕುಡಿದು ಮುಗಿಸೋಷ್ಟರಲ್ಲಿ ನೀರು ಕಾದಿರುತ್ತೆ. ಅದೇ ಕಂಪನಿದು, ಅದೇ 15 ಲೀಟರ್‌ದು, ಬೆಂಗಳೂರಿನ ಹೊರಗಡೆ ನಮ್ಮ ಅಪಾರ್ಟ್‌ಮೆಂಟಲ್ಲಿ ಹಾಕಿಸಿದ್ದು ಐದನೇ ವರ್ಷಕ್ಕೆ ಟ್ಯಾಂಕ್ ತೂತಾಗಿ ಗುಜರಿಗೆ ಹೋಯ್ತು. ಅಲ್ಲಿ ಬರೋದು ಕಾವೇರಿ ನೀರು, ನಮಗೆ ಬರ್ತಿದ್ದಿದ್ದು ಬೋರ್ ನೀರು, ಅದು ಸಾಲ್ದೆ ಇದ್ದಾಗ ಟ್ಯಾಂಕರ್ ನೀರು. ಇಷ್ಟೇ ವ್ಯತ್ಯಾಸ.

ಅದಕ್ಕೇ ಗೀಸರ್ ಅಂದ್ರೆ ಏನು ಅಂತ ಒಂದ್ಸಲ ಒಳಗಡೆ ನೋಡ್ಬಿಟ್ರೆ ಮುಂದಿನ ಲೆಕ್ಕ ಎಲ್ಲ ಸುಲಭ. ಹೊರಗೆ ಕಾಣೋ ಬಿಳಿ ಪ್ಲಾಸ್ಟಿಕ್ ಇಲ್ಲಾ ತಗಡಿನ ಮೈ ಬರೀ ಹೊದಿಕೆ. ಅದರ ಒಳಗೆ ಹಳದಿ ಬಣ್ಣದ ಫೋಮ್ ತುಂಬಿರುತ್ತೆ, ಪಫ್ ಅಂತಾರೆ, ಶಾಖ ಹೊರಗೆ ಹೋಗ್ದೆ ಇರೋಕೆ. ಫೋಮ್ ಒಳಗೆ ನಿಜವಾದ ಟ್ಯಾಂಕ್, ಉಕ್ಕಿನದು ಆದ್ರೆ ಒಳಮೈಗೆ ಗಾಜಿನಂಥ ಲೇಪ ಕೊಟ್ಟಿರ್ತಾರೆ, ಕೆಲವದರಲ್ಲಿ ಪ್ಲಾಸ್ಟಿಕ್ ಥರದ ಲೇಪ, ಕೆಲವು ಸ್ಟೇನ್‌ಲೆಸ್ ಸ್ಟೀಲು, ಹಳೇ ಕಾಲದ್ದು ತಾಮ್ರ. ಈ ಟ್ಯಾಂಕಿನ ತಳದಲ್ಲಿ ಒಂದು ಪ್ಲೇಟು, ಆ ಪ್ಲೇಟಿಗೆ ನೀರು ಕಾಯಿಸೋ ಕಾಯಿಲ್, ಬೇಕಾದಷ್ಟು ಕಾದಾಗ ಅದನ್ನ ನಿಲ್ಲಿಸೋ ಥರ್ಮೋಸ್ಟಾಟ್, ಟ್ಯಾಂಕನ್ನ ತುಕ್ಕಿನಿಂದ ಕಾಯೋ ಆನೋಡ್ ರಾಡ್ ಕೂತಿರುತ್ತೆ, ಪ್ಲೇಟಿಗೂ ಟ್ಯಾಂಕಿಗೂ ಮಧ್ಯೆ ಒಂದು ರಬ್ಬರ್ ಗ್ಯಾಸ್ಕೆಟ್. ಜೊತೆಗೆ ನೀರು ಸಿಕ್ಕಾಪಟ್ಟೆ ಬಿಸಿ ಆದ್ರೆ ಕರೆಂಟ್ ಕಡಿಯೋ ಕಟೌಟ್, ಮತ್ತೆ ತಣ್ಣೀರು ಒಳಗೆ ಬರೋ ಕಡೆ ಹೊರಗಡೆ ಒಂದು ಸೇಫ್ಟಿ ವಾಲ್ವ್. ಅಷ್ಟೇ. ಈಗ ಗಮನಿಸಿ, ಇದರಲ್ಲಿ ಟ್ಯಾಂಕ್ ಒಂದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಬಿಚ್ಚಿ ಬೇರೆ ಹಾಕೋ ಸಾಮಾನು. ಟ್ಯಾಂಕ್ ಹೋದ್ರೆ ಗೀಸರ್ ಹೋಯ್ತು, ಬೇರೆ ಏನು ಹೋದ್ರೂ ಗೀಸರ್ ಹೋಗಿಲ್ಲ. ಬದಲಾಯಿಸ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ನೂರಕ್ಕೆ ತೊಂಬತ್ತು ಪಾಲು ಉತ್ತರ ಇಲ್ಲೇ ಇದೆ.

ಹಾಗಾದ್ರೆ ಟ್ಯಾಂಕ್ ಯಾಕೆ ಹೋಗುತ್ತೆ, ಕಾಯಿಲ್ ಯಾಕೆ ಹೋಗುತ್ತೆ? ಅಜ್ಜಿ ಮನೆಯ ಬಚ್ಚಲಲ್ಲಿ ಹಂಡೆ ಒಲೆ ನೋಡಿದವರಿಗೆ ಇದು ಅರ್ಧ ಗೊತ್ತಿರೋದೇ. ಹಂಡೆ ಹೊರಗಡೆ ಮಸಿ, ಒಳಗಡೆ ತಳದಲ್ಲಿ ಬಿಳಿ ಬೂದು ಬಣ್ಣದ ಗಟ್ಟಿ ಪದರ, ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದ್ರೂ ಪೂರ್ತಿ ಬಿಡದೆ ಇರೋದು. ಉಪ್ಪು ಕಟ್ಟಿದೆ ಅಂತಿದ್ರು, ಆದ್ರೆ ಅದು ಅಡುಗೆ ಉಪ್ಪಲ್ಲ, ಸುಣ್ಣ. ಭೂಮಿ ಒಳಗಿನ ಕಲ್ಲಿನ ಸಂದಿಯಲ್ಲಿ ಹರಿದು ಬರೋ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ, ತಣ್ಣಗಿರೋವರೆಗೂ ಅದು ಬೈಕಾರ್ಬೊನೇಟ್ ರೂಪದಲ್ಲಿ ಕಣ್ಣಿಗೆ ಕಾಣದ ಹಾಗೆ ಕರಗಿರುತ್ತೆ, ನೀರು ಕಾದ ತಕ್ಷಣ ಅದರಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಹೋಗಿ ಉಳಿದಿದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸುಣ್ಣದ ಕಲ್ಲು, ಅದು ಎಲ್ಲಿ ಹೆಚ್ಚು ಬಿಸಿ ಇದೆಯೋ ಅಲ್ಲೇ ಹೋಗಿ ಅಂಟಿಕೊಳ್ಳುತ್ತೆ. ಹಂಡೆಯಲ್ಲಿ ತಳ, ಗೀಸರಲ್ಲಿ ಕಾಯಿಲ್. ನೀರನ್ನ 60 ಡಿಗ್ರಿ ಮೇಲೆ ಕಾಯಿಸ್ತಾ ಹೋದಷ್ಟೂ ಇದು ಜೋರಾಗುತ್ತೆ.

ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡಿ. ಕುಡಿಯೋ ನೀರಿಗೆ ಇರೋ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 10500 ಪ್ರಕಾರ ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ, ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ರೆ ಸರಿ, ಬೇರೆ ನೀರಿನ ಮೂಲ ಇಲ್ದೇ ಇದ್ರೆ 600ರ ವರೆಗೂ ನಡೆಯುತ್ತೆ. ನಿಮ್ಮ ಬೋರ್ ನೀರು 500 ಇದೆ, ಮನೆಯವರೆಲ್ಲ ಸೇರಿ ಗೀಸರಿಂದ ದಿನಕ್ಕೆ 100 ಲೀಟರ್ ಬಳಸ್ತೀರಾ ಅಂತ ಇಟ್ಕೊಳ್ಳಿ. ದಿನಕ್ಕೆ 50 ಗ್ರಾಂ, ವರ್ಷಕ್ಕೆ 18 ಕೆಜಿ ಗಡಸಿನ ವಸ್ತು ಆ ಪುಟ್ಟ ಟ್ಯಾಂಕಿನ ಮೂಲಕ ಹಾದು ಹೋಗುತ್ತೆ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೆ ಕೂತ್ರೂ ವರ್ಷಕ್ಕೆ ಎರಡು ಕೆಜಿ ಹತ್ರ ಆಯ್ತು. ನಮ್ಮ ಹಳೇ ಗೀಸರ್ ಪ್ಲೇಟ್ ಬಿಚ್ಚಿದ ದಿನ ಮುರಿದ ಮೊಟ್ಟೆ ಚಿಪ್ಪಿನ ಥರದ್ದು ಅರ್ಧ ಬಕೆಟ್ ಬಿತ್ತು, ಕಾಯಿಲ್ ಸುತ್ತ ಹವಳದ ಹಾಗೆ ಬೆಳೆದಿತ್ತು, ಅದನ್ನ ನೋಡಿದ ಮೇಲೇ ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಬಂದಿದ್ದು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಿ ಹೇಳ್ಬೇಕು. ಸುಣ್ಣ ಕಟ್ಟಿದ್ರೆ ಕರೆಂಟ್ ಬಿಲ್ ವಿಪರೀತ ಏರುತ್ತೆ ಅಂತ ಎಲ್ಲರೂ ಹೇಳ್ತಾರೆ. ಒಲೆ ಮೇಲಿನ ಹಂಡೆಗೆ ಅದು ನಿಜ, ಬೆಂಕಿ ಹೊರಗಿದೆ, ಒಳಗೆ ಹೋಗದ ಶಾಖ ಗಾಳಿಗೆ ಹೋಗುತ್ತೆ. ಆದ್ರೆ ಗೀಸರ್ ಕಾಯಿಲ್ ನೀರಿನ ಒಳಗೇ ಮುಳುಗಿದೆ, ಸುಣ್ಣದ ಪದರ ದಾಟೋಕೆ ತಡ ಆದ್ರೂ ಆ ಶಾಖ ಕೊನೆಗೆ ನೀರಿಗೇ ಬರ್ಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಬಿಲ್ ಮೇಲೆ ಅಂಥಾ ಪರಿಣಾಮ ಇಲ್ಲ. ನಷ್ಟ ಆಗೋದು ಕಾಯಿಲ್‌ಗೆ. ಸುಣ್ಣದ ಕಂಬಳಿ ಹೊದ್ದ ಕಾಯಿಲ್ ಒಳಗೊಳಗೇ ವಿಪರೀತ ಕಾಯುತ್ತೆ, ಅದರ ಹೊರಗಿನ ಲೋಹದ ಕೊಳವೆ ಬಿರುಕು ಬಿಡುತ್ತೆ, ಒಂದು ದಿನ ಒಳಗಿನ ತಂತಿ ಸುಟ್ಟು ಹೋಗುತ್ತೆ ಇಲ್ಲಾ ಕರೆಂಟ್ ನೀರಿಗೆ ಸೋರೋಕೆ ಶುರು ಆಗುತ್ತೆ. ಥರ್ಮೋಸ್ಟಾಟಿನ ಕಡ್ಡಿಗೂ ಸುಣ್ಣ ಅಂಟಿದ್ರೆ ಅದಕ್ಕೆ ನೀರಿನ ನಿಜವಾದ ಬಿಸಿ ಗೊತ್ತಾಗಲ್ಲ, ಕಾಯಿಲ್ ಹತ್ರದ ಬಿಸಿ ನೋಡಿ ಬೇಗ ಕಟ್ ಮಾಡ್ಬಹುದು, ಇಲ್ಲಾ ತಡವಾಗಿ ಮಾಡ್ಬಹುದು. ದೀಪ ಆರಿದೆ ಆದ್ರೆ ನೀರು ಉಗುರು ಬೆಚ್ಚಗೆ ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ.

ಇನ್ನು ಟ್ಯಾಂಕ್. ಉಕ್ಕು ನೀರಲ್ಲಿದ್ರೆ ತುಕ್ಕು ಹಿಡಿಯುತ್ತೆ, ಅದಕ್ಕೇ ಗಾಜಿನ ಲೇಪ, ಆದ್ರೆ ಯಾವ ಲೇಪದಲ್ಲೂ ಎಲ್ಲೋ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತೆ. ಆ ಜಾಗ ಕಾಯೋಕೆ ಅಂತಲೇ ಮೆಗ್ನೀಸಿಯಂ ರಾಡ್ ಒಂದನ್ನ ಒಳಗೆ ಇಟ್ಟಿರ್ತಾರೆ, ಆನೋಡ್ ಅಂದ್ರೆ ಅದೇ. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಬೇಗ ನೀರಿನ ಜೊತೆ ವರ್ತಿಸುತ್ತೆ, ಹಾಗಾಗಿ ಟ್ಯಾಂಕಿಗೆ ಬರಬೇಕಾದ ಸವೆತವನ್ನ ತಾನೇ ತಗೊಂಡು ಕರಗ್ತಾ ಹೋಗುತ್ತೆ. ಬೋರ್ ನೀರಲ್ಲಿ ಹೆಬ್ಬೆರಳು ದಪ್ಪ ಇದ್ದಿದ್ದು ಎರಡು ಮೂರು ವರ್ಷಕ್ಕೆ ಪೆನ್ಸಿಲ್ ಆಗುತ್ತೆ, ಆಮೇಲೆ ಒಳಗಿನ ಕಬ್ಬಿಣದ ಕಡ್ಡಿ ಮಾತ್ರ ಉಳಿಯುತ್ತೆ, ಅವತ್ತಿಂದ ಸವೆಯೋ ಸರದಿ ಟ್ಯಾಂಕಿಂದು. ಟ್ಯಾಂಕಿಗೆ ಇಷ್ಟು ವರ್ಷ ವಾರಂಟಿ ಅಂತ ಕೊಟ್ಟಿರೋ ಕಂಪನಿಗಳ ಸಣ್ಣಕ್ಷರ ಓದಿ ನೋಡಿ, ನೀರಿನ ಗಡಸುತನದ ಮಿತಿ ಇಲ್ಲಾ ಆನೋಡ್ ಬದಲಾಯಿಸಿರ್ಬೇಕು ಅನ್ನೋ ಷರತ್ತು ಇರೋದು ಸಾಮಾನ್ಯ. ಮನೆಗೆ ನೀರಿನ ಗಡಸುತನ ತೆಗೆಯೋ ಸಾಫ್ಟ್‌ನರ್ ಹಾಕಿಸಿದ್ದೀವಿ ನಮಗೆ ಚಿಂತೆ ಇಲ್ಲ ಅನ್ನೋರಿಗೂ ಒಂದು ಮಾತು, ಸುಣ್ಣ ಕಟ್ಟೋದು ಕಡಿಮೆ ಆಗುತ್ತೆ ನಿಜ, ಆದ್ರೆ ಸಾಫ್ಟ್‌ನರ್ ನೀರಲ್ಲಿ ಆನೋಡ್ ಇನ್ನೂ ಬೇಗ ಕರಗುತ್ತೆ. ಕೆಲವು ನೂರು ರೂಪಾಯಿಯ ಸಾಮಾನು ಅದು. ನಮ್ಮ ಐದು ವರ್ಷದ ಗೀಸರಲ್ಲಿ ನಾವು ಅದನ್ನ ಒಂದು ಸಲವೂ ನೋಡಿರ್ಲಿಲ್ಲ, ಅಂಥದ್ದೊಂದು ಇದೆ ಅಂತ ಸರ್ವಿಸ್‌ಗೆ ಬಂದವರು ಯಾರೂ ಹೇಳಿರ್ಲೂ ಇಲ್ಲ.

ಕರಾವಳಿ, ಮಲೆನಾಡಿನ ಕಡೆಯವರಿಗೆ ಕಥೆ ಸ್ವಲ್ಪ ಬೇರೆ. ಅಲ್ಲಿನ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಸಾಮಾನ್ಯವಾಗಿ ಮೃದು, ಸುಣ್ಣ ಕಟ್ಟಲ್ಲ, ಆದ್ರೆ ಸ್ವಲ್ಪ ಹುಳಿ ಗುಣ ಇರೋದ್ರಿಂದ ಲೋಹವನ್ನ ತಿನ್ನುತ್ತೆ. ಬಚ್ಚಲ ನೆಲದ ಮೇಲೆ, ಸಿಂಕಲ್ಲಿ ನೀಲಿ ಹಸಿರು ಕಲೆ ಬೀಳ್ತಿದ್ರೆ ಎಲ್ಲೋ ತಾಮ್ರ ಸವೀತಿದೆ ಅಂತ ಅರ್ಥ.

ಈಗ ಒಂದೊಂದೇ ಲಕ್ಷಣಕ್ಕೆ ಬರೋಣ. ಮೊದಲನೇದು ಸೋರೋದು, ಯಾಕಂದ್ರೆ ಗೀಸರ್ ಬದಲಾಯಿಸೋಕೆ ನಿಜವಾದ ಕಾರಣ ಇದೇ, ಸುಳ್ಳು ಕಾರಣವೂ ಇದೇ. ಕೆಳಗೆ ನೀರು ತೊಟ್ಟಿಕ್ತಿದೆ ಅಂದ ತಕ್ಷಣ ಟ್ಯಾಂಕ್ ಹೋಯ್ತು ಅಂದ್ಕೋಬೇಡಿ. ಸ್ವಿಚ್ ಆಫ್ ಮಾಡಿ, ಮೇನ್ ಬೋರ್ಡಲ್ಲಿರೋ ಗೀಸರಿನ ಟ್ರಿಪ್ ಸ್ವಿಚ್ಚು, ಅಂದ್ರೆ ಎಂಸಿಬಿಯೂ ಇಳಿಸಿ, ಒಣ ಬಟ್ಟೆಯಲ್ಲಿ ಎಲ್ಲ ಒರೆಸಿ, ಎರಡು ಕನೆಕ್ಷನ್ ಪೈಪಿನ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ಒಂದು ಗಂಟೆ ಬಿಟ್ಟು ನೋಡಿ. ಜಾಯಿಂಟಿನ ಪೇಪರ್ ಒದ್ದೆ ಆಗಿದ್ರೆ ಟೆಫ್ಲಾನ್ ಟೇಪು ಇಲ್ಲಾ ಹೊಸ ಪೈಪು, ಅಷ್ಟಕ್ಕೇ ಮುಗೀತು. ಜಾಯಿಂಟ್ ಒಣಗಿದೆ, ಆದ್ರೆ ಮೈಯ ಅಂಚಿಂದ, ವೈರ್ ಹೊರಗೆ ಬರೋ ತೂತಿಂದ, ಕೆಳಗಿನ ಕವರ್ ಒಳಗಿಂದ ನೀರು ಬರ್ತಿದ್ರೆ ಎರಡರಲ್ಲಿ ಒಂದು, ಪ್ಲೇಟಿನ ಗ್ಯಾಸ್ಕೆಟ್ ಇಲ್ಲಾ ಟ್ಯಾಂಕ್. ಗ್ಯಾಸ್ಕೆಟ್ ಆಗಿದ್ರೆ ಕವರ್ ಬಿಚ್ಚಿದಾಗ ಪ್ಲೇಟಿನ ಬೋಲ್ಟುಗಳ ಸುತ್ತ ಒದ್ದೆ ಕಾಣುತ್ತೆ, ಅದನ್ನ ಬದಲಾಯಿಸಿದ್ರೆ ನಿಲ್ಲುತ್ತೆ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಫೋಮ್ ಒಳಗಿಂದ ನೀರು ಇಳೀತಾ ಇದೆ ಅಂದ್ರೆ ಟ್ಯಾಂಕ್ ತೂತಾಗಿದೆ, ಅದಕ್ಕೆ ಮದ್ದಿಲ್ಲ. ಹಿಂದೆ ತಾಮ್ರದ ಟ್ಯಾಂಕಿಗೆ ಬೆಸುಗೆ ಹಾಕಿ ಕೊಡ್ತಿದ್ರು, ಗಾಜಿನ ಲೇಪದ ಟ್ಯಾಂಕಿಗೆ ಬೆಸುಗೆ ಹಾಕಿದ್ರೆ ಸುತ್ತಲಿನ ಲೇಪವೇ ಸಿಡಿದು ಹೋಗುತ್ತೆ, ಹಾಕಿ ಕೊಡ್ತೀನಿ ಅಂದವರಿಗೆ ಬೇಡ ಅನ್ನಿ. ಇಂಥ ಟ್ಯಾಂಕಿಗೆ ಹೊಸ ಕಾಯಿಲ್ ಹಾಕಿಸೋದು ಶುದ್ಧ ದಂಡ, ನಮ್ಮ ಪಕ್ಕದ ಮನೆಯವರು ಒಂದೇ ವರ್ಷದಲ್ಲಿ ಎರಡು ಕಾಯಿಲ್ ಹಾಕಿಸಿ ಆಮೇಲೆ ಗೀಸರ್ ತಗೊಂಡ್ರು, ಎರಡು ಸಲವೂ ಕಾಯಿಲ್ ಟರ್ಮಿನಲ್ ಮೇಲೆ ತೂತಾದ ಟ್ಯಾಂಕಿನ ನೀರೇ ಇಳೀತಿತ್ತು.

ಆದ್ರೆ ಸೇಫ್ಟಿ ವಾಲ್ವಿಂದ ಬೀಳೋ ಹನಿ ಬೇರೆ ವಿಷಯ, ಅದನ್ನ ಎಲ್ಲದಕ್ಕಿಂತ ಚೆನ್ನಾಗಿ ತಿಳ್ಕೋಬೇಕು. ನೀರು ಕಾದ್ರೆ ಹಿಗ್ಗುತ್ತೆ. 20 ಡಿಗ್ರಿಯಿಂದ 60ಕ್ಕೆ ಹೋದ್ರೆ ನೂರಕ್ಕೆ ಒಂದೂವರೆ ಭಾಗ, ಅಂದ್ರೆ 25 ಲೀಟರ್ ಗೀಸರಲ್ಲಿ ಸುಮಾರು 400 ಎಂಎಲ್, ಎರಡು ಲೋಟ ನೀರು. ಬಿಸಿ ನೀರಿನ ನಲ್ಲಿ ಮುಚ್ಚಿದೆ, ತಣ್ಣೀರಿನ ಕಡೆ ವಾಪಸ್ ಹೋಗ್ದೆ ಇರೋ ಹಾಗೆ ವಾಲ್ವ್ ತಡೆದಿದೆ, ಆ ಎರಡು ಲೋಟ ಎಲ್ಲಿಗೆ ಹೋಗ್ಬೇಕು? ಸೇಫ್ಟಿ ವಾಲ್ವ್ ತೆರೆದು ಹನಿ ಹನಿಯಾಗಿ ಹೊರಗೆ ಬಿಡುತ್ತೆ. ಹಾಗಾಗಿ ನೀರು ಕಾಯೋ ಹೊತ್ತಲ್ಲಿ ಮಾತ್ರ ಬೀಳೋ ಹನಿ ಆರೋಗ್ಯದ ಲಕ್ಷಣ. ಇಪ್ಪತ್ನಾಲ್ಕು ಗಂಟೆ ಸುರೀತಿದ್ರೆ ವಾಲ್ವ್ ಒಳಗೆ ಕಸ ಇಲ್ಲಾ ಸುಣ್ಣ ಸಿಕ್ಕಿಕೊಂಡಿದೆ, ಇಲ್ಲಾ ಅಪಾರ್ಟ್‌ಮೆಂಟಿನ ಪಂಪ್ ಪ್ರೆಶರ್ ಜಾಸ್ತಿ ಇದೆ. ಕಸ, ಸುಣ್ಣ ಆದ್ರೆ ವಾಲ್ವ್ ಬದಲಾಯಿಸಿ, ಪ್ರೆಶರ್ ಆದ್ರೆ ಅದನ್ನ ಇಳಿಸ್ಬೇಕು. ಆದ್ರೆ ದಯವಿಟ್ಟು ಯಾವ ಕಾರಣಕ್ಕೂ ಅದರ ಬಾಯಿ ಮುಚ್ಚೋ ಡಮ್ಮಿ ಹಾಕಿಸ್ಬೇಡಿ, ಎಂ-ಸೀಲ್ ಮೆತ್ತಿಸ್ಬೇಡಿ. ಬಚ್ಚಲು ಒದ್ದೆ ಆಗುತ್ತೆ ಅಂತ ಹಾಗೆ ಮುಚ್ಚಿರೋದನ್ನ ನಾನೇ ಎರಡು ಮನೆಯಲ್ಲಿ ನೋಡಿದ್ದೀನಿ. ಥರ್ಮೋಸ್ಟಾಟ್ ಅಂಟಿಕೊಂಡು, ಕಟೌಟೂ ಕೆಲಸ ಮಾಡ್ದೆ, ಈ ಬಾಯಿಯೂ ಮುಚ್ಚಿದ್ರೆ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿ ಕಾಯ್ತಾ ಹೋಗುತ್ತೆ, ಟ್ಯಾಂಕ್ ಒಡೆದ ಕ್ಷಣದಲ್ಲಿ ಆ ನೀರಲ್ಲಿ ಒಂದು ಪಾಲು ಒಮ್ಮೆಲೇ ಆವಿ ಆಗುತ್ತೆ, ಒಂದು ಲೀಟರ್ ನೀರು ಆವಿ ಆದ್ರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು. ಗೀಸರ್ ಬ್ಲಾಸ್ಟ್ ಅಂತ ಪೇಪರಲ್ಲಿ ಓದ್ತೀವಲ್ಲ, ಅದು ಆಗೋ ದಾರಿ ಇದೇ.

ನೀರು ಕೆಂಪಗೆ ಬರ್ತಿದೆ ಅಂದ್ರೆ ಮೊದ್ಲು ಎರಡು ಬಕೆಟ್ ಇಡಿ, ಒಂದಕ್ಕೆ ತಣ್ಣೀರು, ಒಂದಕ್ಕೆ ಬಿಸಿನೀರು. ಎರಡೂ ಕೆಂಪಗಿದ್ರೆ ತುಕ್ಕು ಮೇಲಿನ ಟ್ಯಾಂಕಿಂದು ಇಲ್ಲಾ ಹಳೇ ಕಬ್ಬಿಣದ (ಜಿಐ) ಪೈಪಿಂದು, ಗೀಸರ್ ನಿರಪರಾಧಿ. ಬಿಸಿನೀರು ಮಾತ್ರ ಕೆಂಪು, ಮೂರ್ನಾಲ್ಕು ಬಕೆಟ್ ಬಿಟ್ರೂ ತಿಳಿ ಆಗ್ತಿಲ್ಲ ಅಂದ್ರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡೀತಿದೆ, ಇನ್ನೂ ಸೋರ್ತಿಲ್ಲ ಅಷ್ಟೇ. ಆಗ ಆನೋಡ್ ಹಾಕಿಸಿ ಸ್ವಲ್ಪ ದಿನ ತಳ್ಳಬಹುದು, ಆದ್ರೆ ದುಡ್ಡು ಎತ್ತಿಡೋಕೆ ಶುರು ಮಾಡೋದು ಒಳ್ಳೇದು. ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದಾಗ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹೆದರ್ಬೇಡಿ, ಅದು ನಿಂತ ನೀರಲ್ಲಿ ಬೆಳೆದ ಒಂದು ಜಾತಿ ಬ್ಯಾಕ್ಟೀರಿಯಾ ಸಲ್ಫೇಟಿಂದ ಮಾಡೋ ಗ್ಯಾಸು, ನೀರನ್ನ 60 ಡಿಗ್ರಿ ಮೇಲೆ ಕಾಯಿಸಿ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿದ್ರೆ ಹೋಗುತ್ತೆ. ಕಾಯೋವಾಗ ಗುಡುಗುಡು, ಚಟಪಟ ಅನ್ನೋ ಸದ್ದು ಸುಣ್ಣದ ಪದರದ ಕೆಳಗೆ ಸಿಕ್ಕಿದ ನೀರು ಕುದಿಯೋ ಸದ್ದು, ಸರ್ವಿಸ್ ಮಾಡಿಸಿ ಅಂತ ಅದರ ಭಾಷೆ.

ನೀರು ಸರಿಯಾಗಿ ಕಾಯ್ತಿಲ್ಲ, ಬೇಗ ಮುಗಿಯುತ್ತೆ ಅನ್ನೋ ದೂರು ಎಲ್ಲಕ್ಕಿಂತ ಜಾಸ್ತಿ, ಮತ್ತೆ ಇದರಲ್ಲೇ ಜನ ಸುಮ್ಮನೆ ಗೀಸರ್ ಬದಲಾಯಿಸೋದು. ಮೊದ್ಲು ಲೆಕ್ಕ ತಿಳ್ಕೊಳ್ಳಿ, 15 ಲೀಟರ್ ನೀರನ್ನ 22 ಡಿಗ್ರಿಯಿಂದ 60ಕ್ಕೆ ತರೋಕೆ ಮುಕ್ಕಾಲು ಯೂನಿಟಿಗಿಂತ ಸ್ವಲ್ಪ ಕಡಿಮೆ ಬೇಕು, 2 ಕಿಲೋವ್ಯಾಟ್ ಕಾಯಿಲ್ ಆದ್ರೆ 20 ನಿಮಿಷ. 25 ಲೀಟರ್ ಆದ್ರೆ ಅರ್ಧ ಗಂಟೆ ಮೇಲೆ. ನಿಮ್ಮದು ಇದೇ ಆಸುಪಾಸಲ್ಲಿದ್ರೆ ಗೀಸರ್ ಚೆನ್ನಾಗೇ ಇದೆ. ತಡ ಆಗ್ತಿದ್ರೆ ವೋಲ್ಟೇಜ್ ನೋಡಿಸಿ, 230 ಇರ್ಬೇಕಾದ ಕಡೆ 200 ಬರ್ತಿದ್ರೆ 2000 ವ್ಯಾಟಿನ ಕಾಯಿಲ್ 1500 ವ್ಯಾಟಷ್ಟೇ ಕೊಡುತ್ತೆ, ವೋಲ್ಟೇಜ್ ಸ್ವಲ್ಪ ಇಳಿದ್ರೂ ಶಕ್ತಿ ಬಹಳ ಇಳಿಯುತ್ತೆ. ಕಾಯಿಲ್ ಹೋಗಿದೆಯಾ ಅನ್ನೋದನ್ನ ಎಲೆಕ್ಟ್ರಿಷಿಯನ್ ಒಂದು ನಿಮಿಷದಲ್ಲಿ ಹೇಳ್ಬಹುದು, ಕರೆಂಟ್ ಪೂರ್ತಿ ತೆಗೆದು ಮೀಟರಲ್ಲಿ ಹಿಡಿದ್ರೆ 2 ಕಿಲೋವ್ಯಾಟ್ ಕಾಯಿಲ್ 26 ಓಮ್ ಹತ್ರ ತೋರಿಸ್ಬೇಕು, 3 ಕಿಲೋವ್ಯಾಟ್ ಆದ್ರೆ 17-18, ಏನೂ ತೋರಿಸ್ಲಿಲ್ಲ ಅಂದ್ರೆ ತಂತಿ ಕಡಿದಿದೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡ್ಬಹುದು, ಇದನ್ನ ಬಹಳ ಜನ ಪ್ಲಂಬರ್‌ಗಳೂ ಮಾಡಲ್ಲ. ಗೀಸರ್ ಆಫ್ ಮಾಡಿ, ಅದಕ್ಕೆ ತಣ್ಣೀರು ಹೋಗೋ ಪೈಪಿನ ಸಣ್ಣ ನಲ್ಲಿ, ಅಂದ್ರೆ ಆಂಗಲ್ ವಾಲ್ವನ್ನ ಪೂರ್ತಿ ಮುಚ್ಚಿ, ಈಗ ಬಿಸಿನೀರಿನ ನಲ್ಲಿ ತಿರುಗಿಸಿ. ಒಂದೆರಡು ಕ್ಷಣದಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರ್ತಾನೇ ಇದೆ ಅಂದ್ರೆ ಬಿಸಿನೀರು ತಣ್ಣೀರು ಬೆರೆಸೋ ಮಿಕ್ಸರ್ ನಲ್ಲಿ ಇಲ್ಲಾ ಷವರಿನ ಡೈವರ್ಟರ್ ಒಳಗೆ ತಣ್ಣೀರು ಬಿಸಿನೀರಿನ ದಾರಿಗೆ ನುಗ್ತಿದೆ, ಗೀಸರ್ ಎಷ್ಟೇ ಕಾಯಿಸಿದ್ರೂ ನಿಮ್ಮ ಬಕೆಟಿಗೆ ಬೆರೆತ ನೀರೇ ಬರೋದು. ಒಳಗಡೆ ಮೇಲಿನಿಂದ ಬಿಸಿ ನೀರನ್ನ ತರೋ ಉದ್ದ ಪೈಪ್ ಸವೆದು ತೂತಾದ್ರೂ ಬೆರೆತ ನೀರೇ ಬರುತ್ತೆ, ಅಲ್ಲಿ ತಳದ ತಣ್ಣೀರು ಸೇರ್ಕೊಳ್ಳುತ್ತೆ, ಆದ್ರೆ ಅದು ಈ ಪರೀಕ್ಷೆಯಲ್ಲಿ ಕಾಣಲ್ಲ. ನಮ್ಮ ಮನೆಯಲ್ಲಿ ಒಮ್ಮೆ ನೀರು ಕಾಯೋದು ಪೂರ್ತಿ ನಿಂತಾಗ ಸರ್ವಿಸ್‌ನವರು ಬಂದು ಐದು ನಿಮಿಷ ನೋಡಿ ಹೊಸದು ತಗೊಳ್ಳಿ ಅಂತ ಹೇಳಿ ವಿಸಿಟ್ ಚಾರ್ಜ್ ತಗೊಂಡು ಹೋದ್ರು, ಆಮೇಲೆ ರಸ್ತೆ ಕೊನೆಯ ಎಲೆಕ್ಟ್ರಿಕ್ ಅಂಗಡಿಯವರು ಬಂದು ಕೆಳಗಿನ ಕವರ್ ತೆಗೆದು ಕಟೌಟ್ ಬಿದ್ದಿರೋದನ್ನ ತೋರಿಸಿದ್ರು, ಥರ್ಮೋಸ್ಟಾಟ್ ಬದಲಾಯಿಸಿದ್ರು, ಗೀಸರ್ ಮತ್ತೆ ಒಂದೂವರೆ ವರ್ಷ ಓಡ್ತು. ಆ ಕಟೌಟಿನ ಗುಂಡಿಯನ್ನ ಒತ್ತಿದ್ರೆ ಸರಿ ಹೋಗುತ್ತೆ, ಆದ್ರೆ ಪದೇ ಪದೇ ಬೀಳ್ತಿದ್ರೆ ಸುಮ್ಮನೆ ಒತ್ತುತ್ತಾ ಹೋಗ್ಬೇಡಿ, ನೀರು ಅಪಾಯದಷ್ಟು ಕಾಯ್ತಿದೆ ಅಂತಾನೇ ಅದು ಬೀಳೋದು.

ಈಗ ಎಲ್ಲಕ್ಕಿಂತ ಗಂಭೀರವಾದದ್ದು. ಸ್ನಾನ ಮಾಡೋವಾಗ ನಲ್ಲಿ ಮುಟ್ಟಿದ್ರೆ ಜುಂ ಅಂತು, ಷವರ್ ನೀರು ಚುರ್ ಅಂತು ಅಂತ ಮನೆಯಲ್ಲಿ ಯಾರಾದ್ರೂ, ಅದರಲ್ಲೂ ಮಕ್ಕಳು, ವಯಸ್ಸಾದವರು ಹೇಳಿದ್ರೆ ನಾಳೆ ನೋಡೋಣ ಅನ್ಬೇಡಿ, ಆ ಕ್ಷಣ ಎಂಸಿಬಿ ಇಳಿಸಿ. ಕಾಯಿಲ್ ಒಳಗೆ ತಂತಿ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತೆ, ಅದು ಕರೆಂಟನ್ನ ಹೊರಗಿನ ಕೊಳವೆಗೆ ಬಿಡಲ್ಲ. ಕೊಳವೆ ಬಿರುಕು ಬಿಟ್ಟು ಆ ಪುಡಿ ಒದ್ದೆ ಆದ್ರೆ ಕರೆಂಟ್ ನೀರಿಗೆ ಸೋರುತ್ತೆ. ಅರ್ತಿಂಗ್ ಸರಿ ಇದ್ರೆ ಅದು ಅರ್ತ್ ವೈರ್ ಹಿಡಿದು ಹೋಗುತ್ತೆ, ಸರಿ ಇಲ್ದಿದ್ರೆ ಒದ್ದೆ ನೆಲದ ಮೇಲೆ ನಿಂತಿರೋ ಮನುಷ್ಯನ ಮೂಲಕ ಹೋಗುತ್ತೆ. ಎಂಸಿಬಿ ಇದೆಯಲ್ಲ ಅಂತ ನಂಬಿ ಕೂರೋ ಹಾಗಿಲ್ಲ, 16 ಆಂಪ್ಸ್ ಎಂಸಿಬಿ ಬೀಳೋದು ಅದಕ್ಕಿಂತ ಹೆಚ್ಚು ಕರೆಂಟ್ ಹರಿದಾಗ, ಮನುಷ್ಯನ ಜೀವ ತೆಗೆಯೋಕೆ ಅದರ ನೂರರಲ್ಲಿ ಒಂದು ಪಾಲು ಸಾಕು. ಅದನ್ನ ಹಿಡಿಯೋದು ಆರ್‌ಸಿಸಿಬಿ, ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪ್ಸ್ ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಡಿಯುತ್ತೆ. ಗೀಸರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬೀಳ್ತಿದೆ ಅಂದ್ರೆ ಅದು ಹಾಳಾಗಿದೆ ಅಂತ ತೆಗೆಸ್ಬೇಡಿ, ಕಾಯಿಲ್ ತೆಗೆಸಿ. ಕಾಯಿಲ್ ಬದಲಾಯಿಸಿದ್ರೆ ಗೀಸರ್ ಉಳಿಯುತ್ತೆ, ಟ್ಯಾಂಕ್ ಚೆನ್ನಾಗಿದ್ರೆ. ಆದ್ರೆ ಅರ್ತಿಂಗ್ ಪರೀಕ್ಷೆ ಮಾಡಿಸದೆ ಮತ್ತೆ ಸ್ವಿಚ್ ಹಾಕ್ಬೇಡಿ. ಸ್ನಾನಕ್ಕೆ ಮುಂಚೆ ಗೀಸರ್ ಆಫ್ ಮಾಡೋ ನಮ್ಮ ಮನೆಗಳ ಅಭ್ಯಾಸ ಬಹಳ ಒಳ್ಳೇದು, ಹಾಗಂತ ಅದೊಂದೇ ಸಾಲ್ದು, ವೈರಿಂಗಲ್ಲಿ ಫೇಸು ನ್ಯೂಟ್ರಲ್ ಅದಲು ಬದಲಾಗಿದ್ರೆ ಸ್ವಿಚ್ ಆಫ್ ಆದ್ರೂ ಕಾಯಿಲ್‌ಗೆ ಕರೆಂಟ್ ಇದ್ದೇ ಇರುತ್ತೆ.

ಗ್ಯಾಸ್ ಗೀಸರ್ ಇಟ್ಕೊಂಡಿರೋರಿಗೆ ಒಂದೇ ಮಾತು. ಜ್ವಾಲೆ ನೀಲಿ ಇರ್ಬೇಕು, ಹಳದಿ ಆಗಿ ಮಸಿ ಹಿಡೀತಿದ್ರೆ ಅದು ಸರಿಯಾಗಿ ಉರೀತಿಲ್ಲ, ಕಾರ್ಬನ್ ಮೊನಾಕ್ಸೈಡ್ ಬರ್ತಿದೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಮುಚ್ಚಿದ ಬಚ್ಚಲಲ್ಲಿ ಜನ ಸತ್ತಿರೋದು ಇದರಿಂದಾನೇ. ಬಚ್ಚಲ ಒಳಗೆ ಫಿಟ್ ಮಾಡಿದ್ರೆ ಎಷ್ಟೇ ಹೊಸದಿರ್ಲಿ ಈ ವಾರವೇ ಹೊರಗೆ ಹಾಕಿಸಿ.

ದುಡ್ಡಿನ ವಿಷಯ. ಹೊಸ 15 ಲೀಟರ್ ಗೀಸರ್ 6-7 ಸಾವಿರದಿಂದ 12 ಸಾವಿರದವರೆಗೂ ಸಿಗುತ್ತೆ. ಟ್ಯಾಂಕ್ ಗಟ್ಟಿ ಇದ್ದು ರಿಪೇರಿ ಖರ್ಚು ಹೊಸದರ ಮೂರರಲ್ಲಿ ಒಂದು ಪಾಲಿನ ಒಳಗಿದ್ರೆ ನಾನು ಕಣ್ಮುಚ್ಚಿ ರಿಪೇರಿ ಅಂತೀನಿ. ಗಡಸು ನೀರಿನ ಕಡೆ 6-7 ವರ್ಷ ದಾಟಿ, ಆನೋಡ್ ಯಾವತ್ತೂ ನೋಡದೆ ಇದ್ದು, ಬಿಸಿನೀರು ಕೆಂಪಗೆ ಬರ್ತಾ, ಈಗ ಕಾಯಿಲೂ ಹೋಗಿದ್ರೆ ಆ ಕಾಯಿಲ್ ದುಡ್ಡನ್ನ ಹೊಸದಕ್ಕೆ ಸೇರಿಸಿ. ಹಳೇದು ಕರೆಂಟ್ ಜಾಸ್ತಿ ತಿನ್ನುತ್ತೆ, ಅದಕ್ಕೇ 5 ಸ್ಟಾರ್ ತಗೊಳ್ಳಿ ಅನ್ನೋ ಮಾತಿಗೆ ಮಾತ್ರ ನಾನು ಪೂರ್ತಿ ಒಪ್ಪಲ್ಲ. ಸ್ಟೋರೇಜ್ ಗೀಸರಲ್ಲಿ ಸ್ಟಾರ್ ಹೇಳೋದು ಕಾದ ನೀರು ಸುಮ್ಮನೆ ನಿಂತಾಗ ದಿನಕ್ಕೆ ಎಷ್ಟು ಶಾಖ ಕಳ್ಕೊಳ್ಳುತ್ತೆ ಅನ್ನೋದನ್ನ. ದಿನವಿಡೀ ಆನ್ ಇಡೋ ಮನೆಗೆ ಅದು ಮುಖ್ಯ, ಬೆಳಗ್ಗೆ ಅರ್ಧ ಗಂಟೆ ಹಾಕಿ ಆಫ್ ಮಾಡೋರಿಗೆ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ. ನಾಲ್ಕು ಜನ ತಲಾ ಒಂದು ಟ್ಯಾಂಕ್ ಬಿಸಿನೀರು ಬಳಸಿದ್ರೆ ತಿಂಗಳಿಗೆ 80 ಯೂನಿಟ್ ಆಗುತ್ತೆ, ಅದು ಯಾವ ಗೀಸರ್ ಆದ್ರೂ ಬೇಕೇ ಬೇಕು, ಗೃಹಜ್ಯೋತಿಯ ಉಚಿತ ಕರೆಂಟಿಗೆ 200 ಯೂನಿಟ್ ಮೀರದ ಹಾಗೆ ನೋಡ್ಕೊಳ್ಳೋ ಮನೆಗೆ ಗೀಸರ್ ಆಫ್ ಮಾಡೋದು ಮರೆತ್ರೆ ಆಗೋ ನಷ್ಟವೇ ದೊಡ್ಡದು.

ಹೊಸದು ತಗೊಳ್ಳೋವಾಗ ನಾನು ನೋಡೋದು ಐಎಸ್‌ಐ ಮಾರ್ಕ್, ಐಎಸ್ 2082 ಅಂತ ಇರ್ಬೇಕು, ಟ್ಯಾಂಕಿನ ವಾರಂಟಿ, ಆನೋಡ್ ಇದೆಯಾ, ಅದನ್ನ ಬಿಚ್ಚೋಕೆ ಸುಲಭ ಇದೆಯಾ, ಮತ್ತೆ ನಮ್ಮ ಏರಿಯಾದಲ್ಲಿ ಬಿಡಿಭಾಗ ಸಿಗುತ್ತಾ. ಬೋರ್ ನೀರಿಗೆ ಗಾಜಿನ ಲೇಪ ಇಲ್ಲಾ ಪಾಲಿಮರ್ ಲೇಪದ ಟ್ಯಾಂಕ್, ಬೇಗ ತುಕ್ಕು ಹಿಡಿಯದ ಇಂಕೊಲಾಯ್ ಮಿಶ್ರಲೋಹದ ಕಾಯಿಲ್ ಒಳ್ಳೇದು. ನಲ್ಲಿ ತಿರುಗಿಸಿದ್ರೆ ಬಿಸಿ ಬರೋ 4.5 ಕಿಲೋವ್ಯಾಟಿನ ಇನ್‌ಸ್ಟಂಟ್ ತಗೊಂಡ್ರೆ ಅದು 20 ಆಂಪ್ಸ್ ಹತ್ರ ಎಳೆಯುತ್ತೆ, ಮಾಮೂಲಿ 16 ಆಂಪ್ಸ್ ಸಾಕೆಟಿಗೆ ಹಾಕ್ಬೇಡಿ. 2024ರ ಅಕ್ಟೋಬರಲ್ಲಿ ಕಾವೇರಿ 5ನೇ ಹಂತ ಶುರು ಆದ ಮೇಲೆ ಬೆಂಗಳೂರು ಹೊರವಲಯದ 110 ಹಳ್ಳಿಗಳಿಗೆ ಹೊಳೆ ನೀರು ಬರೋ ದಾರಿ ಆಗಿದೆ, ನಿಮ್ಮ ಅಪಾರ್ಟ್‌ಮೆಂಟ್ ಆ ಸಾಲಲ್ಲಿದ್ದು ಈಗಷ್ಟೇ ಕನೆಕ್ಷನ್ ಸಿಕ್ಕಿದ್ರೆ, ನೆಲದಡಿಯ ಸಂಪ್‌ಗೆ ಬೋರ್ ನೀರು ಇನ್ನೂ ಎಷ್ಟು ಬೆರೆಸ್ತಿದ್ದಾರೆ ಅಂತ ಅಸೋಸಿಯೇಷನ್‌ನವರನ್ನ ಕೇಳಿ ಆಮೇಲೆ ಲೆಕ್ಕ ಹಾಕಿ.

ಫಿಟ್ ಮಾಡೋ ದಿನ ನೀವು ಮನೆಯಲ್ಲಿರಿ. 25 ಲೀಟರ್ ಗೀಸರ್ ನೀರು ತುಂಬಿದ್ರೆ 35 ಕೆಜಿ ದಾಟುತ್ತೆ, ಟೊಳ್ಳು ಬ್ಲಾಕಿನ ಗೋಡೆಗೆ ಸಣ್ಣ ಸ್ಕ್ರೂ ಹೊಡೆದು ಹೋಗೋಕೆ ಬಿಡ್ಬೇಡಿ. ಡಬ್ಬದಲ್ಲಿ ಬಂದ ಸೇಫ್ಟಿ ವಾಲ್ವ್ ತಣ್ಣೀರಿನ ಕಡೆಗೇ ಹಾಕಿದ್ರಾ, ಅದರ ಹನಿ ಬೀಳೋಕೆ ಪೈಪ್ ಕೊಟ್ರಾ ನೋಡಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಇಲ್ಲದೆ ಒಂದೇ ಸಮ ನೀರು ಬರೋವರೆಗೂ ಸ್ವಿಚ್ ಹಾಕ್ಬಾರ್ದು, ಖಾಲಿ ಟ್ಯಾಂಕಲ್ಲಿ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಡುತ್ತೆ. ನಮ್ಮ ಹೊಸ ಗೀಸರಿನ ಪಕ್ಕದ ಟೈಲ್ಸ್ ಮೇಲೆ ಮಾರ್ಕರಲ್ಲಿ ಹಾಕಿಸಿದ ತಿಂಗಳು ಬರೆದಿದ್ದೀನಿ, ಅದರ ಕೆಳಗೆ ಎರಡು ವರ್ಷ ಬಿಟ್ಟು ಆನೋಡ್ ನೋಡ್ಬೇಕಾದ ತಿಂಗಳು. ಮೈಸೂರಿಗೆ ಹೋದಾಗ ಅಮ್ಮನ ಗೀಸರ್ ಪಕ್ಕಾನೂ ಬರೆದು ಬಂದೆ, ಅದರ ಮೊದಲ ಆನೋಡ್ ಬದಲಾಯಿಸಿದ್ದು ಹೋದ ವರ್ಷ, ಬಿಚ್ಚಿದಾಗ ಇನ್ನೂ ಕಿರುಬೆರಳು ದಪ್ಪ ಉಳಿದಿತ್ತು.